ಪಿ.ಟಿ. ಪೀರಿಯಡ್ಡಿನ ಗಲಾಟೆ: ರೌಂಡ್ ಹೊಡೆಸದೆ ಕ್ಲಾಸ್ ಹಿಡಿಯುವುದು ಹೇಗೆ?

ಮೈದಾನದಲ್ಲಿ ಮಕ್ಕಳಿಗೆ ಆಟಕ್ಕಿಂತ ದೊಡ್ಡ ಬಹುಮಾನ ಇಲ್ಲ. ಮಧ್ಯಾಹ್ನ ಪಿ.ಟಿ. ಇದೆ ಅಂತ ಗೊತ್ತಾದರೆ ಸಾಕು, ಊಟದ ಬೆಲ್ಲಿಗೆ ಮುಂಚೆಯೇ ಅರ್ಧ ಕ್ಲಾಸ್ ಕಿಟಕಿ ಕಡೆ ನೋಡುತ್ತಾ ಕೂತಿರುತ್ತೆ. ಗಣಿತದ ಮೇಷ್ಟ್ರಿಗೆ ಇಲ್ಲದ ಅನುಕೂಲ ಇದು. ಆದರೂ ಸ್ವಲ್ಪ ಗಲಾಟೆ ಆದ ತಕ್ಷಣ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: "ಹೋಗು, ಗ್ರೌಂಡ್ ಐದು ರೌಂಡ್ ಹೊಡಿ." ಓಟವನ್ನೇ ಶಿಕ್ಷೆ ಮಾಡಿಟ್ಟು, ಆಮೇಲೆ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ 800 ಮೀಟರ್ ಯಾರು ಓಡುತ್ತೀರಾ ಅಂತ ಕೇಳಿದರೆ ಯಾರು ಕೈ ಎತ್ತುತ್ತಾರೆ? ಈಗಿನ ಮಕ್ಕಳಿಗೆ ಸ್ಟಾಮಿನಾನೇ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಗೊಣಗುವುದಷ್ಟೇ ಉಳಿಯುತ್ತೆ.

ಇದನ್ನು ಮುಖ್ಯವಾಗಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಮೇಡಂಗಳಿಗಾಗಿ ಬರೆಯುತ್ತಿದ್ದೇನೆ. ಐವತ್ತು ಅರವತ್ತು ಮಕ್ಕಳು, ಎರಡು ವಾಲಿಬಾಲ್, ಒಂದು ತ್ರೋಬಾಲ್, ನಲವತ್ತು ನಿಮಿಷ. ಇಷ್ಟರಲ್ಲೇ ಮಾಡಬಹುದಾದದ್ದು ಮಾತ್ರ ಹೇಳುತ್ತೇನೆ.

ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಓದುವಾಗ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಹೆಸರು ಬರೆದು ಪಾಸಾಗಿ ಮರೆತಿರುತ್ತೇವೆ, ಅಲ್ವಾ? ಮೈದಾನಕ್ಕೆ ಅದರಲ್ಲಿ ಬೇಕಾದದ್ದು ಸ್ವಲ್ಪವೇ. ಮಗು ಏನೋ ಮಾಡಿತು, ಅದರ ಬೆನ್ನಿಗೇ ಏನೋ ಆಯಿತು. ಆಮೇಲೆ ಆ ನಡವಳಿಕೆ ಜಾಸ್ತಿಯಾದರೆ ಆದದ್ದು ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ನಾವು ಯಾವ ಉದ್ದೇಶದಿಂದ ಮಾಡಿದೆವು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಎರಡರಲ್ಲೂ ಕೊಡುವುದಿದೆ, ತೆಗೆಯುವುದಿದೆ. ಸೀಟಿ ಊದಿದ ಕೂಡಲೇ ಬಂದು ನಿಂತ ಸಾಲಿಗೆ ಮೊದಲು ಬಾಲ್ ಸಿಕ್ಕಿತು, ಕೊಟ್ಟು ಹೆಚ್ಚಿಸಿದಿರಿ. ಚೆನ್ನಾಗಿ ನಡೆದುಕೊಂಡ ಟೀಮಿಗೆ ಇವತ್ತು ನೆಟ್ ಬಿಚ್ಚಿ ಸಾಮಾನು ಜೋಡಿಸುವ ಕೆಲಸ ಮಾಫಿ, ಇದು ತೆಗೆದು ಹೆಚ್ಚಿಸುವುದು. ಋಣಾತ್ಮಕ ಪುನರ್ಬಲನ ಅಂತ ಓದಿದ್ದು ಇದನ್ನೇ, ಪರೀಕ್ಷೆಯಲ್ಲಿ ಅರ್ಧ ಜನ ಶಿಕ್ಷೆ ಅಂತ ಬರೆದು ಬಂದಿರುತ್ತಾರೆ. ಬೈಗುಳ ಅನ್ನುವುದು ಕೊಟ್ಟು ಕಡಿಮೆ ಮಾಡುವಂಥದ್ದು. ಮೂರು ನಿಮಿಷ ಆಟದಿಂದ ಹೊರಗೆ ಕೂರಿಸುವುದು ತೆಗೆದು ಕಡಿಮೆ ಮಾಡುವಂಥದ್ದು.

ತಮಾಷೆ ಅಂದರೆ ಈ ನಿಯಮ ನಮಗೂ ಅಷ್ಟೇ ಅನ್ವಯ. ಜೋರಾಗಿ ಕಿರುಚಿದರೆ ಗಲಾಟೆ ತಕ್ಷಣ ನಿಲ್ಲುತ್ತೆ. ಕಿವಿಗೆ ಹಾಯ್ ಅನ್ನಿಸುತ್ತೆ. ಆ ಹಾಯ್ ನಮಗೆ ಸಿಕ್ಕ ಬಹುಮಾನ. ಹಾಗಾಗಿ ನಾಳೆ ಇನ್ನೂ ಬೇಗ ಕಿರುಚುತ್ತೇವೆ. ಎರಡೇ ನಿಮಿಷದಲ್ಲಿ ಗಲಾಟೆ ವಾಪಸ್ ಬಂದಿರುತ್ತೆ, ಅದು ಮಾತ್ರ ನೆನಪಿನಲ್ಲಿ ಉಳಿಯುವುದಿಲ್ಲ. ಒಂದು ವಾರ ಅಟೆಂಡೆನ್ಸ್ ಪುಸ್ತಕದ ಹಿಂದೆ ಗೆರೆ ಹಾಕಿ ನೋಡಿ. ಎಷ್ಟು ಸಲ ಬೈದೆ, ಯಾರಿಗೆ, ಯಾವುದಕ್ಕೆ. ಅದೇ ನಾಲ್ಕೈದು ಹೆಸರು ದಿನಾ ಬರುತ್ತಿದ್ದರೆ ಆ ಬೈಗುಳ ಅವರ ಮೇಲೆ ಕೆಲಸ ಮಾಡುತ್ತಿಲ್ಲ ಅಂತಲೇ ಲೆಕ್ಕ.

ರೌಂಡು, ಬಸ್ಕಿ ಯಾಕೆ ಬೇಡ

ಮೊದಲನೆಯದು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಕೊಡುವಂತಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ. ಕೊಟ್ಟವರ ಮೇಲೆ ಸೇವಾ ನಿಯಮದಡಿ ಶಿಸ್ತು ಕ್ರಮ ಅಂತಲೂ ಅಲ್ಲೇ ಇದೆ. ಹೊಡೆದರೆ ಮಾತ್ರ ದೈಹಿಕ ಶಿಕ್ಷೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಂಡಿಯೂರಿ ಕೂರಿಸುವುದು, ಕಾಲಡಿಯಿಂದ ಕೈ ಹಾಕಿ ಕಿವಿ ಹಿಡಿಸುವುದು, ಬೆಂಚಿನ ಮೇಲೆ ನಿಲ್ಲಿಸುವುದು, ಇವೆಲ್ಲ ದೈಹಿಕ ಶಿಕ್ಷೆಯೇ ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಹೇಳುತ್ತೆ. ಶಿಕ್ಷೆ ಅಂತ ಹೊಡೆಸುವ ಬಸ್ಕಿಯನ್ನು ನೀವು ಯಾವ ಸಾಲಿಗೆ ಸೇರಿಸುತ್ತೀರಿ?

ಎರಡನೆಯದು ಆರೋಗ್ಯ. ಮಾರ್ಚ್ ಬಿಸಿಲು, ಬೆಳಗ್ಗೆ ತಿಂಡಿ ತಿನ್ನದೆ ಬಂದ ಮಗು, ರಕ್ತಹೀನತೆ ಇರುವ ಹುಡುಗಿ, ಉಬ್ಬಸ ಇರುವ ಹುಡುಗ. ಇದೆಲ್ಲ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕ್ಲಾಸಿಗೆ ಅಂತ ಓಡಿಸುವಾಗ ಸುಸ್ತಾದ ಮಗು ನಿಲ್ಲುತ್ತೆ. ಶಿಕ್ಷೆಗೆ ಓಡುವಾಗ ನಿಲ್ಲಲು ಹೆದರುತ್ತೆ. ಅಪಾಯ ಇರುವುದೇ ಅಲ್ಲಿ.

ಮೂರನೆಯದನ್ನು ಆಗಲೇ ಹೇಳಿದೆ. ನಾವು ಕಲಿಸಬೇಕಾದದ್ದೇ ಓಟ, ಅದರ ಮೇಲೇ ಜಿಗುಪ್ಸೆ ಹುಟ್ಟಿಸಿದರೆ ಸಂಬಳ ತಗೊಂಡು ನಮ್ಮ ಕೆಲಸ ನಾವೇ ಕೆಡಿಸಿದ ಹಾಗೆ. ವ್ಯಾಯಾಮವನ್ನು ಶಿಕ್ಷೆಯಾಗಿ ಬಳಸಬಾರದು ಅಂತ ಅಮೆರಿಕದ ದೈಹಿಕ ಶಿಕ್ಷಣ ಶಿಕ್ಷಕರ ರಾಷ್ಟ್ರೀಯ ಸಂಘವೂ 2009ರಲ್ಲಿ ಅಧಿಕೃತವಾಗಿ ಹೇಳಿದೆ.

ಮೊದಲು ಕಾಯುವುದನ್ನು ಕಡಿಮೆ ಮಾಡಿ

ಬಹುಮಾನ, ಶಿಕ್ಷೆ ಎರಡಕ್ಕೂ ಮುಂಚೆ ಇದು ಆಗಲೇಬೇಕು. ಹದಿನೈದು ಜನ ಸಾಲಿನಲ್ಲಿ ನಿಂತು ಒಬ್ಬ ಸರ್ವ್ ಮಾಡುವುದನ್ನು ನೋಡುತ್ತಿದ್ದರೆ ಮುಂದಿನವನ ಶರ್ಟ್ ಎಳೆಯದೆ ಇನ್ನೇನು ಮಾಡುತ್ತಾರೆ ಪಾಪ. ಬಾಲ್ ಇಲ್ಲದ ಗುಂಪಿಗೆ ಹಗ್ಗ ಕೊಡಿ, ಖೋಖೋ ಹಾಕಿ, ಲಗೋರಿ ಹಾಕಿ. ನನ್ನ ಪ್ರಕಾರ ಮೈದಾನದ ಗಲಾಟೆಯಲ್ಲಿ ಬಹುಪಾಲು ಸಾಲಿನಲ್ಲಿ ಹುಟ್ಟುವಂಥದ್ದು, ಆಟದಲ್ಲಿ ಹುಟ್ಟುವುದು ತೀರಾ ಕಡಿಮೆ.

ಆಮೇಲೆ ಸೀಟಿ. ಒಂದು ಸಲ ಊದಿದರೆ ನಿಂತಲ್ಲೇ ನಿಲ್ಲಬೇಕು, ಬಾಲ್ ನೆಲದ ಮೇಲೆ. ಎರಡು ಸಲ ಊದಿದರೆ ಓಡಿ ಬಂದು ಸೇರಬೇಕು. ಇಷ್ಟೇ ಸಾಕು, ಏಳೆಂಟು ಥರ ಸೀಟಿ ಇಟ್ಟುಕೊಂಡರೆ ನಮಗೇ ನೆನಪಿರುವುದಿಲ್ಲ. ಜೂನ್ ಮೊದಲ ವಾರ ಇದನ್ನೇ ಒಂದು ಆಟದ ಥರ ಅಭ್ಯಾಸ ಮಾಡಿಸಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ, ಸೇರಲು ಎಷ್ಟು ಸೆಕೆಂಡ್ ಆಯಿತು ಅಂತ ಜೋರಾಗಿ ಹೇಳಿ. "ನಿನ್ನೆ ಐವತ್ತು ಸೆಕೆಂಡ್, ಇವತ್ತು ಮೂವತ್ತೈದು. ಉಳಿದ ಟೈಮ್ ನಿಮ್ಮ ಆಟಕ್ಕೇ." ಉಳಿದ ಟೈಮನ್ನು ನಿಜವಾಗಲೂ ಆಟಕ್ಕೇ ಕೊಡಬೇಕು, ಭಾಷಣಕ್ಕೆ ತಿಂದರೆ ಮಾರನೇ ದಿನ ಯಾರೂ ಓಡಿ ಬರುವುದಿಲ್ಲ.

ವಾರ್ಮ್ ಅಪ್ ವಿಷಯಕ್ಕೂ ಇದೇ ಉಪಾಯ. ಮಕ್ಕಳು ತಾವಾಗಿ ಹೆಚ್ಚು ಮಾಡುವ ಕೆಲಸವನ್ನು, ಅವರು ಕಡಿಮೆ ಮಾಡುವ ಕೆಲಸ ಮುಗಿದ ಮೇಲೆ ಇಟ್ಟರೆ ಮೊದಲನೆಯದು ಎರಡನೆಯದನ್ನು ಎಳೆದುಕೊಂಡು ಬರುತ್ತೆ. ಡೇವಿಡ್ ಪ್ರೀಮ್ಯಾಕ್ ಅನ್ನುವ ಮನಶ್ಶಾಸ್ತ್ರಜ್ಞ 1959ರಲ್ಲಿ ಇದನ್ನು ತೋರಿಸಿದ. ನಮ್ಮ ಅಜ್ಜಿಯಂದಿರು ಅನ್ನ ಸಾರು ಮುಗಿಸಿದರೇನೇ ಹೋಳಿಗೆ ಅಂತ ಅದನ್ನೇ ಮಾಡುತ್ತಿದ್ದರು. ಆದ್ದರಿಂದ "ವಾರ್ಮ್ ಅಪ್ ಮಾಡದಿದ್ದರೆ ಆಟ ಇಲ್ಲ" ಅಂತ ಹೆದರಿಸುವ ಬದಲು "ವಾರ್ಮ್ ಅಪ್ ಮುಗಿಸಿದ ಸಾಲು ನೇರ ಕೋರ್ಟಿಗೆ" ಅನ್ನಿ. ವಿಷಯ ಒಂದೇ. ಆದರೆ ಎರಡನೆಯದನ್ನು ಕೇಳಿದ ಸಾಲು ಬೇಗ ಬೇಗ ಮುಗಿಸುತ್ತೆ. (ಬೇಗ ಮುಗಿಸಲು ಅರೆಬರೆ ಮಾಡುವವರೂ ಇರುತ್ತಾರೆ. ಅವರಿಗೆ "ಇನ್ನೊಂದು ಸಲ ಸರಿಯಾಗಿ" ಅಷ್ಟೇ, ಬೈಗುಳ ಬೇಡ.)

ಏನು ಕೊಡಬಹುದು

ದುಡ್ಡು ಖರ್ಚಾಗುವ ಯಾವುದೂ ಬೇಡ. ಟಾಸ್ ಹಾಕುವುದು, ಸುಣ್ಣದ ಗೆರೆ ಎಳೆಯುವುದು, ಲೈನ್ ಅಂಪೈರ್ ಆಗಿ ಬಾವುಟ ಹಿಡಿಯುವುದು, ಸ್ಟಾಪ್‌ವಾಚ್ ಹಿಡಿಯುವುದು, ಮೊದಲ ಬ್ಯಾಚಿನಲ್ಲಿ ಆಡುವುದು, ಇವತ್ತಿನ ಕೊನೆಯ ಹತ್ತು ನಿಮಿಷ ಯಾವ ಆಟ ಅಂತ ಆರಿಸುವುದು. ಸುಣ್ಣ ಎಳೆಯುವ ಕೆಲಸಕ್ಕೆ ನಮ್ಮಲ್ಲಿ ಎಷ್ಟು ಪೈಪೋಟಿ ಅಂದರೆ ಬಟ್ಟೆಯೆಲ್ಲ ಬೆಳ್ಳಗಾದರೂ ಸರಿ, ನಾನು ನಾನು ಅಂತ ಬರುತ್ತಾರೆ. ಸೀಟಿ ಊದುವ ಆಸೆಯೂ ಎಲ್ಲರಿಗೂ ಇರುತ್ತೆ, ಆದರೆ ಬಾಯಿಂದ ಬಾಯಿಗೆ ಹೋಗುವ ವಸ್ತು ಅದು, ಕೊಡಬೇಡಿ.

ಚಾಕೊಲೇಟ್, ಪೆನ್ನು ಕೊಡುವವರಿಗೆ ಒಂದು ಎಚ್ಚರಿಕೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಒಂದು ಪ್ರಯೋಗ ಮಾಡಿದರು. ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳಿಗೆ, ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿ ಬರೆಸಿದರು. ಆಮೇಲೆ ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬರೆಯುವುದೇ ಕಡಿಮೆಯಾಯಿತು. ಬಹುಮಾನದ ಮಾತೇ ಎತ್ತದೆ ಬಿಟ್ಟ ಮಕ್ಕಳಲ್ಲಿ ಆಸಕ್ತಿ ಹಾಗೇ ಉಳಿಯಿತು. ಖೋಖೋ ಆಡಲು ಬಹುಮಾನ ಬೇಕಿಲ್ಲ, ಅದನ್ನು ಮಕ್ಕಳು ಹೇಗೂ ಆಡುತ್ತಾರೆ. ಆಟದ ಸಾಮಾನು ಎಣಿಸಿ ವಾಪಸ್ ಇಡುವುದಕ್ಕೆ ಬೇಕಾದರೆ ಕೊಡಿ. ಅದನ್ನು ಯಾರೂ ತಾವಾಗಿ ಮಾಡುವುದಿಲ್ಲ.

ಇನ್ನು ಹೊಗಳಿಕೆ. "ಗುಡ್, ಗುಡ್, ವೆರಿ ಗುಡ್" ಅಂತ ಎಲ್ಲರಿಗೂ ಹೇಳುತ್ತಾ ಹೋದರೆ ಅದು ಗಾಳಿಗೆ ಹೋಗುತ್ತೆ. ಏನು ಸರಿ ಮಾಡಿದರು ಅಂತ ಹೇಳಬೇಕು, ಅದೂ ಆ ಕ್ಷಣದಲ್ಲೇ. "ಔಟ್ ಅಂದ ತಕ್ಷಣ ವಾದ ಮಾಡದೆ ಹೊರಗೆ ಬಂದೆ, ಒಳ್ಳೇದು." ಆರನೇ ಕ್ಲಾಸಿನವರಿಗೆ ಎಲ್ಲರ ಮುಂದೆ ಹೇಳಿದರೆ ಎದೆ ಉಬ್ಬುತ್ತೆ. ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಹಾಗೆ ಮಾಡಿದಿರೋ ಆ ಹುಡುಗ ಸಂಜೆವರೆಗೂ "ಸರ್ ಚಮಚಾ" ಅಂತ ಕರೆಸಿಕೊಳ್ಳುತ್ತಾನೆ, ಮುಂದಿನ ಸಲ ಬೇಕಂತಲೇ ವಾದ ಮಾಡುತ್ತಾನೆ. ನೀವು ಕೊಟ್ಟ ಹೊಗಳಿಕೆ ಅವನಿಗೆ ಶಿಕ್ಷೆಯಾಗಿ ತಗುಲಿದೆ. ದೊಡ್ಡವರಿಗೆ ಪಕ್ಕದಲ್ಲಿ ಹಾದು ಹೋಗುವಾಗ ಮೆಲ್ಲಗೆ ಒಂದು ಮಾತು, ಇಲ್ಲವೇ ಹೆಬ್ಬೆರಳು ತೋರಿಸಿದರೆ ಸಾಕು.

ಹೊರಗೆ ಕೂರಿಸುವುದು

ರೌಂಡ್ ಬೇಡ, ಬಸ್ಕಿ ಬೇಡ ಅಂದರೆ ಶಿಕ್ಷೆ ಏನು ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಇದೇ, ಸ್ವಲ್ಪ ಹೊತ್ತು ಆಟ ತಪ್ಪಬೇಕು. ಮಾಡುವ ರೀತಿ ಸರಿಯಾಗಿದ್ದರೆ ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ.

ಜಾಗ ಮೊದಲೇ ನಿಗದಿಯಾಗಿರಲಿ, ನೆರಳಿರಲಿ, ಆಟ ಕಾಣುವಂತಿರಲಿ, ನಿಮ್ಮ ಕಣ್ಣಿಗೂ ಬೀಳುವಂತಿರಲಿ. ಎರಡರಿಂದ ಮೂರು ನಿಮಿಷ. "ಗುದ್ದಿದೆ. ಮೂರು ನಿಮಿಷ." ಮಾತು ಅಷ್ಟೇ. ಭಾಷಣ ಇಲ್ಲ, ಅಪ್ಪ ಅಮ್ಮನ ಸುದ್ದಿ ಇಲ್ಲ, ಜಾತಕ ಬಿಡಿಸುವುದಿಲ್ಲ. ಟೈಮ್ ಮುಗಿದ ಮೇಲೆ ಅವನು ತಾನಾಗಿ ಎದ್ದು ಬರಬೇಕು, ಕ್ಷಮೆ ಕೇಳಿಸುವ ನಾಟಕವೂ ಬೇಡ. ಇಡೀ ಪೀರಿಯಡ್ ಕೂರಿಸಿಬಿಟ್ಟರೆ ಏನಾಗುತ್ತೆ ಅಂದರೆ, ಮೊದಲ ಐದು ನಿಮಿಷ ಬೇಜಾರು ಪಡುತ್ತಾನೆ, ಆಮೇಲೆ ಕಲ್ಲು ಹುಡುಕಿ ಮರಕ್ಕೆ ಹೊಡೆಯುತ್ತಾ ತನ್ನದೇ ಆಟ ಶುರು ಮಾಡುತ್ತಾನೆ. ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲವಲ್ಲ. ಜೊತೆಗೆ, ಅವನು ವಾಪಸ್ ಬಂದು ಸರಿಯಾಗಿ ಆಡಿದರೆ ತಾನೇ ನೀವು ಅದನ್ನು ಗಮನಿಸಿ ಒಂದು ಒಳ್ಳೆ ಮಾತು ಹೇಳಲು ಅವಕಾಶ?

ಖೋಖೋದಲ್ಲಿ ದಿನಾ ನೋಡುವ ಒಂದು ಸಂಗತಿ ತಗೊಳ್ಳಿ. ಖೋ ಕೊಡುವಾಗ ಬೆನ್ನು ಮುಟ್ಟುವ ನೆಪದಲ್ಲಿ ಗುದ್ದುವುದು. ಕೂತವನು "ಅಯ್ಯಮ್ಮಾ" ಅಂತಾನೆ, ಸಾಲಿನಲ್ಲಿ ಕೂತ ಉಳಿದವರೆಲ್ಲ ಕಿಸಕ್ಕನೆ ನಗುತ್ತಾರೆ. ಗುದ್ದಿದವನಿಗೆ ಬೇಕಾಗಿದ್ದು ಆ ನಗುವೇ. ನೀವು ಸೀಟಿ ಊದಿ ಆಟ ನಿಲ್ಲಿಸಿ ಬೈಯಲು ಶುರು ಮಾಡಿದರೆ ಅರವತ್ತು ಜನ ಅವನನ್ನೇ ನೋಡುತ್ತಾರೆ, ನಗು ಇನ್ನೂ ಜಾಸ್ತಿ. ಅದರ ಬದಲು ಆಟ ನಿಲ್ಲಿಸಬೇಡಿ. ಅವನ ಹೆಸರು ಹೇಳಿ, ಕೈ ಸನ್ನೆಯಲ್ಲಿ ಹೊರಗೆ ಕರೆಯಿರಿ, ಅಂಚಿನಲ್ಲಿ ಕಾಯುತ್ತಿರುವ ಇನ್ನೊಬ್ಬನನ್ನು ಒಳಗೆ ಕಳಿಸಿ. ಚೇಸಿಂಗ್ ಓಡುತ್ತಲೇ ಇರುತ್ತೆ, ನಗಲು ಯಾರಿಗೂ ಪುರುಸೊತ್ತಿಲ್ಲ. ಎರಡು ನಿಮಿಷ ಬಿಟ್ಟು ಒಳಗೆ ಬಿಡಿ. ಅವನು ಬೆನ್ನಿಗೆ ಮೆತ್ತಗೆ ಮುಟ್ಟಿ "ಖೋ" ಅಂದ ಮೊದಲ ಸಲವೇ "ಹಾಂ, ಆ ಖೋ ಸರಿ" ಅಂತ ಅಲ್ಲಿಂದಲೇ ಕೂಗಿ. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಅಂತ ಕಾಯಬೇಡಿ.

ಈಗ ಇನ್ನೊಂದು ಮಗು. ಆಟ ಅಂದರೇ ಆಗದ ಹುಡುಗಿ. ಪ್ರತಿ ಪಿ.ಟಿ.ಯಲ್ಲಿ ಪಕ್ಕದವಳ ಜೊತೆ ಮಾತು, ಬಾಲ್ ಬಂದರೆ ಕೈ ಹಿಂದಕ್ಕೆ. ನೀವು ರೇಗಿ "ಹೋಗಿ ಮರದ ಕೆಳಗೆ ಕೂತ್ಕೋ" ಅಂದಿರಿ. ಅವಳಿಗೆ ಬೇಕಾಗಿದ್ದೂ ಅದೇ! ಹುಡುಗನಿಗೆ ಶಿಕ್ಷೆಯಾದ ಅದೇ ಹುಣಸೆ ಮರದ ನೆರಳು ಇವಳಿಗೆ ಬಹುಮಾನ. ನಾಳೆ ಇನ್ನೂ ಬೇಗ ಮಾತು ಶುರುವಾಗುತ್ತೆ, ನೀವೇ ಕಲಿಸಿಕೊಟ್ಟಂತಾಯಿತು. ಇಂಥ ಮಕ್ಕಳಿಗೆ ಹೊರಗೆ ಕೂರಿಸುವುದನ್ನು ಬಳಸಲೇಬೇಡಿ. ಯಾಕೆ ತಪ್ಪಿಸಿಕೊಳ್ಳುತ್ತಿದ್ದಾಳೆ ಅಂತ ನೋಡಿ. ಬಾಲ್ ಬಿಟ್ಟರೆ ಟೀಮಿನವರು ಬೈಯುತ್ತಾರೆ ಅನ್ನುವ ಹೆದರಿಕೆ ಇರಬಹುದು. ಗೆಳತಿಯ ಜೊತೆ ಇಬ್ಬರೇ ಐದು ನಿಮಿಷ ತ್ರೋಬಾಲ್ ಪಾಸ್ ಮಾಡಲಿ, ಹತ್ತಿರ ನಿಂತು, ಯಾರೂ ನೋಡದ ಕಡೆ. ಅದಾದ ಮೇಲೆ ಸ್ಕೋರ್ ಬರೆಯುವ ಕೆಲಸ ಅವಳದು. ಮುಂದಿನ ವಾರ ಎಂಟು ನಿಮಿಷ. ಅವಳಿಗೆ ಇಷ್ಟವಾದದ್ದನ್ನು ಆಟಕ್ಕೆ ಮುಂಚೆ ಕೊಡಬೇಡಿ, ಆಟ ಆದ ಮೇಲೆ ಕೊಡಿ. ಮುಟ್ಟಿನ ದಿನಗಳ ವಿಷಯ ಬೇರೆ. ಹುಷಾರಿಲ್ಲ ಅಂದರೆ ಅಷ್ಟೇ ಸಾಕು, ಕಾರಣ ಕೆದಕಬೇಡಿ, ಅದನ್ನು ತಪ್ಪಿನ ಲೆಕ್ಕಕ್ಕೂ ಸೇರಿಸಬೇಡಿ.

ಹೊರಗೆ ಕೂರುವುದು ಒಬ್ಬರಿಗೆ ಶಿಕ್ಷೆ, ಇನ್ನೊಬ್ಬರಿಗೆ ಬಹುಮಾನ. ಅದಕ್ಕೇ ಹೊರಗೆ ಕೂರಿಸಿದವರ ಹೆಸರು ಬರೆದಿಡುವುದು. ಯಾರು, ಯಾವಾಗ, ಎಷ್ಟು ನಿಮಿಷ. ಎರಡು ವಾರ ಆದರೂ ಅದೇ ಹೆಸರು ಬರುತ್ತಿದ್ದರೆ ನಿಮಿಷ ಹೆಚ್ಚಿಸಬೇಡಿ, ದಾರಿ ಬದಲಿಸಿ.

ಸಣ್ಣಪುಟ್ಟ ತಂಟೆಗೆ ಸುಮ್ನೆ ಇರುವುದೂ ಒಂದು ದಾರಿ. ಸಾಲಿನಲ್ಲಿ ನಿಂತು ವಿಚಿತ್ರ ದನಿ ಮಾಡುವುದು, ಕುಂಟುತ್ತಾ ಓಡುವುದು, ಇದೆಲ್ಲ ನಾವು ನೋಡಲಿ ಅಂತಲೇ ಮಾಡುವಂಥದ್ದು. ನೋಡದಿದ್ದರೆ ಒಂದೆರಡು ದಿನ ಜಾಸ್ತಿಯಾಗುತ್ತೆ, ಆಮೇಲೆ ಇಳಿಯುತ್ತೆ. ಜಾಸ್ತಿಯಾದ ದಿನವೇ ತಾಳ್ಮೆ ಕೆಟ್ಟು ಬೈದಿರೋ, ಇಷ್ಟು ಜೋರಾಗಿ ಮಾಡಿದರೆ ಮೇಷ್ಟ್ರು ನೋಡುತ್ತಾರೆ ಅಂತ ಅವನು ಕಲಿತ. ಕ್ಲಾಸಿನವರೇ ನಕ್ಕು ಪ್ರೋತ್ಸಾಹ ಕೊಡುತ್ತಿದ್ದರೆ ಮಾತ್ರ ನೀವು ನೋಡದೆ ಇದ್ದು ಪ್ರಯೋಜನ ಇಲ್ಲ, ಅವನ ಜಾಗ ಬದಲಿಸಿ.

ಗುಂಡು ಎಸೆತ, ಡಿಸ್ಕಸ್, ಜಾವೆಲಿನ್ ಇರುವ ಕಡೆ ಈ ಸುಮ್ನಿರುವುದು, ಎಚ್ಚರಿಕೆ ಕೊಡುವುದು ಯಾವುದೂ ಇಲ್ಲ. ಗೆರೆ ದಾಟಿ ಒಳಗೆ ಬಂದವರು ಆ ದಿನ ಎಸೆಯುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿರಬೇಕು, ನಿಮ್ಮ ಚಾಂಪಿಯನ್ ಹುಡುಗನೇ ಆದರೂ ನಡೆಸಬೇಕು.

ನಮಗೆ ಗೊತ್ತಿಲ್ಲದೆ ಕೊಡುವ ಶಿಕ್ಷೆ

ಇಬ್ಬರು ಕ್ಯಾಪ್ಟನ್‌ಗಳನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಿ ಅನ್ನುತ್ತೇವೆ. ಕೊನೆಯಲ್ಲಿ ಉಳಿಯುವುದು ಪ್ರತಿ ಸಲ ಅದೇ ಇಬ್ಬರು. "ನೀನೇ ತಗೋ", "ಬೇಡಪ್ಪ, ನೀನೇ ತಗೋ." ಆ ಮಗು ಏನೂ ತಪ್ಪು ಮಾಡಿಲ್ಲ, ಆದರೂ ವಾರಕ್ಕೆರಡು ಸಲ ಅರವತ್ತು ಜನರ ಮುಂದೆ ಶಿಕ್ಷೆ. ಆಮೇಲೆ ಪಿ.ಟಿ. ದಿನ ಬಿಳಿ ಯೂನಿಫಾರ್ಮ್ ಮರೆತು ಬರುತ್ತೆ, ಶೂ ಮರೆತು ಬರುತ್ತೆ, ನಾವು ಅದಕ್ಕೂ ಬೈಯುತ್ತೇವೆ. ರೋಲ್ ನಂಬರ್ ಪ್ರಕಾರ ಒಂದು ಎರಡು ಎಣಿಸಿ ಟೀಮ್ ಮಾಡಿದರೆ ಒಂದು ನಿಮಿಷದ ಕೆಲಸ.

ಔಟಾದವರು ಪೂರ್ತಿ ಹೊರಗೆ ಕೂರುವ ಆಟಗಳೂ ಹಾಗೇ. ಬೇಗ ಔಟಾಗುವುದು ಆಡಲು ಬಾರದವರು, ಹೆಚ್ಚು ಅಭ್ಯಾಸ ಬೇಕಾದದ್ದೂ ಅವರಿಗೇ. ಔಟಾದವರು ಹತ್ತು ಸಲ ಬಾಲ್ ಪುಟಿಸಿ ವಾಪಸ್ ಬರಲಿ ಅಂತ ನಿಯಮ ಮಾಡಿ.

ಇನ್ನೊಂದು ನಮ್ಮ ಕೈಮೀರಿದ್ದು. ಹೋಂವರ್ಕ್ ಮಾಡಿಲ್ಲ ಅಂತ ಬೇರೆ ಟೀಚರ್ ಪಿ.ಟಿ. ಪೀರಿಯಡ್ ಕಟ್ ಮಾಡುವುದು. ಇಡೀ ದಿನ ಕೂತು ಕೂತು ಚಡಪಡಿಸುವ ಹುಡುಗನಿಗೇ ಸಾಮಾನ್ಯವಾಗಿ ಈ ಶಿಕ್ಷೆ ಬೀಳುತ್ತೆ, ಮರುದಿನ ಅವನ ಚಡಪಡಿಕೆ ಇನ್ನೂ ಜಾಸ್ತಿ. ಜಗಳ ಬೇಡ. ಹೆಡ್ ಮೇಷ್ಟ್ರ ಮುಂದೆ ಸ್ಟಾಫ್ ಮೀಟಿಂಗಿನಲ್ಲಿ ಒಂದು ಸಲ ಮಾತಾಡಿ, "ಅವನಿಗೆ ಮೈದಾನ ಇಷ್ಟ ಅಲ್ವಾ ಸರ್, ಹೋಂವರ್ಕ್ ಮುಗಿಸಿ ತಂದ ದಿನ ನಾನು ಅವನಿಗೆ ಟಾಸ್ ಹಾಕಲು ಕೊಡುತ್ತೇನೆ" ಅಂತ ಒಪ್ಪಂದ ಮಾಡಿಕೊಳ್ಳಿ. ಒಪ್ಪುವವರು ಒಪ್ಪುತ್ತಾರೆ.

ಗುಂಪಿಗೆ ಹೇಗೆ

ಒಬ್ಬ ಮಾಡಿದ್ದಕ್ಕೆ ಇಡೀ ಕ್ಲಾಸಿಗೆ ಶಿಕ್ಷೆ ಕೊಡುವುದು ಸೋಮಾರಿತನ. ಮಾಡದೇ ಇದ್ದವರು, ಹೇಗೂ ಬೀಳುತ್ತೆ ಅಂತ ಮಾಡಲು ಶುರು ಮಾಡುತ್ತಾರೆ. ಮಾಡಿದವನನ್ನು ಸಂಜೆ ಬಸ್ ಸ್ಟಾಪಿನಲ್ಲಿ ಹಿಡಿದುಕೊಳ್ಳುತ್ತಾರೆ.

ಆದರೆ ಗುಂಪಿಗೆ ಬಹುಮಾನ ಚೆನ್ನಾಗಿ ನಡೆಯುತ್ತೆ. 1969ರಲ್ಲಿ ಅಮೆರಿಕದ ಒಂದು ನಾಲ್ಕನೇ ತರಗತಿಯಲ್ಲಿ ಇದನ್ನು ಆಟದ ಥರ ಮಾಡಿ ನೋಡಿದರು. ಕ್ಲಾಸನ್ನು ಎರಡು ಟೀಮ್ ಮಾಡಿ, ಯಾರಾದರೂ ಜಾಗ ಬಿಟ್ಟು ಎದ್ದರೆ, ಮಾತಾಡಿದರೆ ಅವರ ಟೀಮಿಗೆ ಬೋರ್ಡಿನ ಮೇಲೆ ಒಂದು ಗುರುತು. ಕಡಿಮೆ ಗುರುತಿನ ಟೀಮ್ ಗೆದ್ದಂತೆ, ಎರಡೂ ಟೀಮಿನ ಗುರುತು ಒಂದು ಮಿತಿಯೊಳಗಿದ್ದರೆ ಇಬ್ಬರೂ ಗೆದ್ದಂತೆ. ಗಲಾಟೆ ಗಣನೀಯವಾಗಿ ಇಳಿಯಿತು. ಮೈದಾನದಲ್ಲಿ ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದರೂ ಸಾಕು. ಇಬ್ಬರೂ ಗೆಲ್ಲಬಹುದು ಅನ್ನುವ ಭಾಗವನ್ನು ಮಾತ್ರ ಬಿಡಬೇಡಿ, ಇಲ್ಲದಿದ್ದರೆ ಎದುರು ಟೀಮನ್ನು ರೇಗಿಸಿ ಗುರುತು ಹಾಕಿಸುವುದೇ ಹೊಸ ಆಟ ಆಗುತ್ತೆ. ಬೇಕಂತಲೇ ಟೀಮನ್ನು ಸೋಲಿಸುವ ಒಬ್ಬ ಇದ್ದರೆ ಅವನೊಬ್ಬನನ್ನೇ ಮೂರನೇ ಟೀಮ್ ಮಾಡಿ. ಆಗ ಅವನು ಕೆಡಿಸಿದರೂ ಅವನದ್ದೇ ಕೆಡುತ್ತೆ.

ಕಬಡ್ಡಿಯಲ್ಲಿ ಹೊಡೆದಾಟವೇ ಆಗಿಹೋದರೆ? ಇಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ, ಆಗಲೇ ವಿಚಾರಣೆ ಬೇಡ, ಉಸಿರು ಇಳಿಯಲಿ. ಪೀರಿಯಡ್ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೇಳಿ. ಬಾಲ್ ಬೇಕಂತಲೇ ಕಾಂಪೌಂಡ್ ಆಚೆ ಒದ್ದವನು ವಾಚ್‌ಮನ್ ಜೊತೆ ಹೋಗಿ ತರಲಿ, ನೆಟ್ ಹರಿದವನು ಕಟ್ಟಲಿ. ತಪ್ಪಿಗೂ ಅದರ ಫಲಕ್ಕೂ ಹೀಗೆ ಸಂಬಂಧ ಕಂಡರೆ ಮಕ್ಕಳು ಅದನ್ನು ಅನ್ಯಾಯ ಅನ್ನುವುದಿಲ್ಲ, ಮನೆಯವರೂ ಬಂದು ಕೇಳುವುದಿಲ್ಲ.

ಜುಲೈ, ಆಗಸ್ಟ್ ಹೊತ್ತಿಗೆ ಎಲ್ಲ ಒಂದು ಲಯಕ್ಕೆ ಬಂದಿರುತ್ತೆ. ಆಗ ಬಹುಮಾನವನ್ನು ಒಮ್ಮೆಲೇ ನಿಲ್ಲಿಸಬೇಡಿ. ಪ್ರತಿ ಸಲ ಕೊಡುತ್ತಿದ್ದದ್ದನ್ನು ಆಗೊಮ್ಮೆ ಈಗೊಮ್ಮೆ ಕೊಡಿ, ಯಾವಾಗ ಸಿಗುತ್ತೆ ಅಂತ ಅವರಿಗೆ ಗೊತ್ತಾಗದ ಹಾಗೆ. ಹೀಗೆ ಸಿಕ್ಕಿದ್ದಕ್ಕೆ ಬೆಳೆದ ಅಭ್ಯಾಸ ಬೇಗ ಹೋಗುವುದಿಲ್ಲ. ದಸರಾ ರಜೆ ಮುಗಿಸಿ ಬಂದ ವಾರ ಮಾತ್ರ ಎಲ್ಲ ಮರೆತು ಬಂದಿರುತ್ತಾರೆ. ಬೈಯಲು ಹೋಗದೆ ಸ್ಟಾಪ್‌ವಾಚ್ ತೆಗೆದು ಮತ್ತೆ ಎರಡು ಸೀಟಿಯಿಂದ ಶುರು ಮಾಡಿ, ಒಂದೆರಡು ಪೀರಿಯಡ್ ಸಾಕಾಗುತ್ತೆ.